ಶೋಭನದ ಮುಹೂರ್ತ

ಗೊಳಸಂಗಿಯೂ ಬಾಗೇವಾಡಿ ಸೀಮೆಯ ಇತರ ಗ್ರಾಮಗಳೂ ಮುಂಬಯಿ ಇಲಾಖೆಗೆ ಸೇರಿದ್ದ ಕಾಲದಲ್ಲಿ ಮದುವೆಗೊಂದು ಮುಹೂರ್ತ, ದಾಂಪತ್ಯಕ್ಕೆ ಮತ್ತೊಂದು. ಎಳವೆಯಲ್ಲಿಯೇ ಅಕ್ಷತೆ ಬಿದ್ದ ಹುಡುಗಿ ತವರಿನಲ್ಲಿ ಬೆಳೆದು, ಮೈನೆರೆದ ಬಳಿಕ ಉಡಿ ತುಂಬಿಸಿಕೊಂಡು, ಸೋಬಾನದ ಹಾಡುಗಳ ನಡುವೆ ಪತಿಗೃಹವನ್ನು ಸೇರುತ್ತಿದ್ದಳು. ಆ ನಡುವಣ ವರ್ಷಗಳೇ ಆಕೆಗಿದ್ದ ರಕ್ಷಣೆ. ಆದರೆ ಅದಕ್ಕೆ ಅಳತೆಗೋಲಾಗಿದ್ದುದು ಪ್ರಥಮ ಋತುವೇ ಹೊರತು ಗರ್ಭವನ್ನು ಹೊತ್ತು ಹೆರಬಲ್ಲ ದೇಹಶಕ್ತಿಯಲ್ಲ. ಋತುಮತಿಯಾದ ಮಾತ್ರಕ್ಕೆ ಕಟಿಯ ಎಲುಬುಗಳು ಬೆಳೆದು ಮುಗಿದಿರುವುದಿಲ್ಲವೆಂಬುದನ್ನೂ, ಅಂಥವಳ ಹೆರಿಗೆ ದಿನಗಟ್ಟಲೆ ತಡೆದು ತಾಯಿಯನ್ನೋ ಮಗುವನ್ನೋ ಇಬ್ಬರನ್ನೋ ಬಲಿಗೊಳ್ಳಬಹುದೆಂಬುದನ್ನೂ ಪಂಚಾಂಗ ಹೇಳುತ್ತಿರಲಿಲ್ಲ.

1890ರ ಸುಮಾರಿಗೆ ಕಲಕತ್ತೆಯ ಬಾಲೆ ಫುಲ್‌ಮಣಿ ದಾಸಿ ಪತಿಯ ಬಲಾತ್ಕಾರದಿಂದ ಮೃತಳಾದುದು ದೇಶವನ್ನೇ ಕಲಕಿತು. 1891ರ ಮಾರ್ಚಿಯಲ್ಲಿ ಸರಕಾರವು ಸಮ್ಮತಿಯ ವಯಸ್ಸನ್ನು, ವಿವಾಹಿತೆಯರಿಗೂ ಅನ್ವಯಿಸುವಂತೆ, 10ರಿಂದ 12ಕ್ಕೆ ಏರಿಸಿತು. ಪರರಾಜರು ಧರ್ಮದಲ್ಲಿ ಕೈಯಿಡಬಾರದೆಂದು ಪುಣೆಯಲ್ಲಿ ಟಿಳಕರು ಎದುರು ನಿಂತರೆ, ಡಾ. ರಾಮಕೃಷ್ಣ ಭಾಂಡಾರ್ಕರರು ಸ್ಮೃತಿಗಳನ್ನೇ ತೆರೆದು ಶಾಸ್ತ್ರವು ಸುಧಾರಣೆಗೆ ಅಡ್ಡ ಬಾರದೆಂದು ತೋರಿಸಿದರು. ವಾದವೇನೋ ಉಜ್ಜ್ವಲವಾಗಿತ್ತು, ಆದರೆ ಸ್ಮೃತಿಗಳ ಗೊಡವೆಯಿಲ್ಲದೆ ಉಡಿಕೆಯೆಂಬ ಮರುಮದುವೆಯನ್ನೂ ಒಪ್ಪಿಕೊಂಡು ಬಾಳುತ್ತಿದ್ದ ಒಕ್ಕಲುಮಕ್ಕಳನ್ನು ಉಭಯಪಕ್ಷದ ಪಂಡಿತರೂ ವಿಚಾರಿಸಿದಂತೆ ಕಾಣದು. ಮಗಳು ಧಾತು ಸಂವತ್ಸರದ ಬರಕ್ಕೆ ಹಿಂದೆ ಹುಟ್ಟಿದವಳೋ ಮುಂದೆ ಹುಟ್ಟಿದವಳೋ ಎಂದು ಲೆಕ್ಕ ಹಿಡಿಯುವ ಮನೆಯಲ್ಲಿ, ಹನ್ನೆರಡು ತುಂಬಿತೆಂಬುದನ್ನು ಸಿದ್ಧಪಡಿಸುವವರಾರು? ಮುಚ್ಚಿದ ಕೋಣೆಯ ಅಪರಾಧಕ್ಕೆ ಫಿರ್ಯಾದಿಯಾದರೂ ಯಾರು?

ಆದುದರಿಂದ ಕಾಯಿದೆಯು ಕೋಣೆಯನ್ನು ಬಿಟ್ಟು ಹಂದರಕ್ಕೆ ಬಂದುದು ವಿವೇಕವೇ ಸರಿ. 1930ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಾರದಾ ಕಾಯಿದೆ ವಧುವಿಗೆ 14, ವರನಿಗೆ 18 ಎಂದು ವಿಧಿಸಿತು. ಅದೂ ಸಡಿಲು ಹೆಣಿಗೆಯದು: ಮದುವೆ ಮಾಡಿಸಿದವರಿಗೆ ದಂಡನೆಯುಂಟು, ಮದುವೆ ಮಾತ್ರ ಅಸಿಂಧುವಲ್ಲ, ಬ್ರಿಟಿಷರ ನೆಲದಲ್ಲಿ ಅದರ ಆಳ್ವಿಕೆ, ಅನತಿದೂರದ ಜಮಖಂಡಿ, ಮುಧೋಳ ಸಂಸ್ಥಾನಗಳಲ್ಲಿ ಇಲ್ಲ. ವಧುವಿನ ವಯಸ್ಸು 1949ರಲ್ಲಿ 15ಕ್ಕೂ 1978ರಲ್ಲಿ 18ಕ್ಕೂ ಏರಿತು.

ಹೀಗೆ ಮದುವೆಯ ವಯಸ್ಸು ಋತುವಿನ ವಯಸ್ಸನ್ನು ದಾಟಿದ ಮನೆಗಳಲ್ಲಿ ತವರಿನಲ್ಲಿ ಕಾಯುವ ವರ್ಷಗಳೇ ಉಳಿಯಲಿಲ್ಲ. ಒಂದು ಕಾಲಕ್ಕೆ ಬೇರೆಯೇ ಹಬ್ಬವಾಗಿದ್ದ ಶೋಭನವು ಮದುವೆಯ ಬೆನ್ನಿಗೇ ಬರುವ ಒಂದು ರಾತ್ರಿಯ ಶಾಸ್ತ್ರವಾಯಿತು.