ಕಾವಲುಗಾರನಿಂದ ದಾದಿಯವರೆಗೆ

ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನಲ್ಲಿ ಬೀಡಿ ಎಂಬ ಊರಿದೆ. ಅಂಥದೊಂದು ಊರಿನಲ್ಲಿ ಮನೆಯ ಮಗನೊಬ್ಬ ಊಟ ನಿದ್ದೆ ಬಿಟ್ಟು, ಕಣ್ಣಿಗೆ ಕಾಣದವರೊಡನೆ ಮಾತನಾಡತೊಡಗಿದನೆಂದು ಭಾವಿಸಿಕೊಳ್ಳಿ. ಮನೆಯವರು ಮೊದಲು ದೇವರ ಬಳಿಗೆ ಹೋಗುತ್ತಾರೆ; ಅನಂತರ ದೇವರು ಹೇಳುವವರ ಬಳಿಗೆ; ಎಲ್ಲ ಮುಗಿದ ಮೇಲೆ ಧಾರವಾಡಕ್ಕೆ. ನಮ್ಮ ಕಡೆ 'ಧಾರವಾಡಕ್ಕ ಕಳಸಬೇಕು' ಎಂದರೆ ಕಾಲೇಜಿಗೆ ಕಳಿಸುವುದೂ ಆಗಬಹುದು, ಹುಚ್ಚರ ಆಸ್ಪತ್ರೆಗೆ ಕಳಿಸುವುದೂ ಆಗಬಹುದು. ಯಾವುದೆಂಬುದನ್ನು ತಿಳಿಸುವುದು ಹೇಳುವವನ ದನಿ. ಮನಸ್ಸಿನ ಬೇನೆಯಿಂದ ನರಳುವವನೂ ಮಾತಿಗಿಂತ ಮೊದಲು ಈ ದನಿಯನ್ನೇ ಕೇಳಿಸಿಕೊಳ್ಳುತ್ತಾನೆ. ಆದ್ದರಿಂದ ಇಂದು ಆ ಆಸ್ಪತ್ರೆಗಳ ಇತಿಹಾಸವನ್ನು ದನಿಯ ಇತಿಹಾಸವೆಂದೇ ನೋಡೋಣ.

ಧಾರವಾಡದಲ್ಲಿ 'ಲೂನಾಟಿಕ್ ಅಸೈಲಮ್' ಆರಂಭವಾದದ್ದು 1845ರಲ್ಲಿ. ಆಗ ಬೆಳಗಾವಿ, ಧಾರವಾಡಗಳೆರಡೂ ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಬೀಡಿಯ ಕಡೆಯವರಿಗೆ ಕಿತ್ತೂರಿನ ಮೇಲಿನ ಚಕ್ಕಡಿಯ ಹಾದಿ. ಮುಂದೆ ರೈಲು ಬಂದ ಮೇಲೆ ಖಾನಾಪುರದಿಂದ ಲೋಂಡಾ, ಅಳ್ನಾವರಗಳ ಹಾದಿ. 1858ರ ಕಾಯ್ದೆ ಇಂಥ ಸಂಸ್ಥೆಗಳಿಗೆ ಒಂದು ಚೌಕಟ್ಟನ್ನು ಕೊಟ್ಟಿತು. ಆದರೆ ಕಾಯ್ದೆಯ ಕಣ್ಣಿಗೆ ಒಳಗಿದ್ದವನು ರೋಗಿಗಿಂತ ಹೆಚ್ಚಾಗಿ ಸಮಾಜಕ್ಕೆ ಅಪಾಯವಾಗಬಲ್ಲ ಮನುಷ್ಯ. ಮ್ಯಾಜಿಸ್ಟ್ರೇಟರ ಅಪ್ಪಣೆಯಿಂದ ಒಳಗೆ ಬರುವುದು, ಎತ್ತರದ ಗೋಡೆ, ಬೀಗ ಹಾಕಿದ ಕೋಣೆ. ಹಗಲೂ ರಾತ್ರಿ ಅವನ ಜೊತೆಗಿದ್ದವನು ಕಾವಲುಗಾರ. ಅವನನ್ನು ನಾವು ಕ್ರೂರಿಯೆಂದು ಹಳಿಯಬೇಕಾಗಿಲ್ಲ. ಅವನಿಗೆ ಒಪ್ಪಿಸಿದ್ದು ಬೀಗದ ಕೈ. ರೋಗಿಯೊಡನೆ ಹೇಗೆ ಮಾತಾಡಬೇಕೆಂಬುದನ್ನು ಅವನಿಗೆ ಯಾರೂ ಕಲಿಸಿರಲಿಲ್ಲ.

1912ರಲ್ಲಿ ಹೊಸ ಕಾಯ್ದೆ ಬಂತು. ಇಪ್ಪತ್ತರ ದಶಕದಲ್ಲಿ ಅಸೈಲಮ್ಮುಗಳು 'ಮಾನಸಿಕ ಆಸ್ಪತ್ರೆ'ಗಳೆಂದು ಹೆಸರು ಬದಲಿಸಿಕೊಂಡವು. ಬೆಂಗಳೂರಿನದು 1925ರಲ್ಲಿ ಹಾಗಾಯಿತು. ಹಲಗೆಯ ಮೇಲಿನ ಹೆಸರು ಬದಲಾಯಿಸುವುದು ಸುಲಭ. ಆಸ್ಪತ್ರೆ ಎಂದ ಮೇಲೆ ಅಲ್ಲಿ ಶುಶ್ರೂಷೆ ಮಾಡಬಲ್ಲವರು ಬೇಕಲ್ಲವೆ? 1946ರಲ್ಲಿ ಭೋರ್ ಸಮಿತಿ ವರದಿ ಕೊಟ್ಟಾಗ ಇಡೀ ಭಾರತದ ಮಾನಸಿಕ ಆಸ್ಪತ್ರೆಗಳಲ್ಲಿದ್ದ ಹಾಸಿಗೆಗಳು ಹತ್ತು ಸಾವಿರಕ್ಕೆ ತುಸು ಹೆಚ್ಚು. ಜನಸಂಖ್ಯೆ ಸುಮಾರು ನಲವತ್ತು ಕೋಟಿ. ತರಬೇತಿ ಪಡೆದ ದಾದಿಯರ ಕೊರತೆಯಂತೂ ಇದಕ್ಕಿಂತ ದೊಡ್ಡದು.

1952ನೆಯ ಇಸವಿ ಈ ಕಥೆಯಲ್ಲಿ ಒಂದು ತಿರುವು. ಆ ವರ್ಷ ಪ್ಯಾರಿಸಿನ ವೈದ್ಯರು ಕ್ಲೋರ್‌ಪ್ರೊಮಜಿನ್ ಎಂಬ ಔಷಧಿಯನ್ನು ಮನೋರೋಗಿಗಳಿಗೆ ಕೊಟ್ಟು, ಉದ್ರೇಕ ಇಳಿಯುವುದನ್ನು ಕಂಡರು. ಅದೇ ವರ್ಷ ಅಮೆರಿಕದಲ್ಲಿ ಹಿಲ್ಡೆಗಾರ್ಡ್ ಪೆಪ್ಲಾವ್ ಎಂಬ ದಾದಿ, ಶುಶ್ರೂಷೆಯಲ್ಲಿ ಮನುಷ್ಯ ಮನುಷ್ಯರ ಸಂಬಂಧವನ್ನು ಕುರಿತು ಒಂದು ಪುಸ್ತಕ ಪ್ರಕಟಿಸಿದಳು. ದಾದಿ ಮತ್ತು ರೋಗಿಯ ನಡುವೆ ಬೆಳೆಯುವ ಸಂಬಂಧವೇ ಚಿಕಿತ್ಸೆಯ ಒಂದು ಅಂಗ ಎಂಬುದು ಅವಳ ವಾದ. ಔಷಧಿ ರೋಗಿಯನ್ನು ಮಾತು ಕೇಳುವ ಸ್ಥಿತಿಗೆ ತಂದಿತು. ಆ ಹೊತ್ತಿನಲ್ಲಿ ಎದುರಿಗೆ ಕೂತು ಮಾತಾಡುವವರು ಯಾರು ಎಂಬ ಪ್ರಶ್ನೆಗೆ ಈ ಪುಸ್ತಕ ಉತ್ತರ ಹುಡುಕಿತು.

ನಮ್ಮ ನಾಡು ಬಹಳ ತಡಮಾಡಲಿಲ್ಲ. 1954ರಲ್ಲಿ ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪನೆಯಾಯಿತು; 1974ರಲ್ಲಿ ಅದೂ ಹಳೆಯ ಮಾನಸಿಕ ಆಸ್ಪತ್ರೆಯೂ ಒಂದಾಗಿ ನಿಮ್ಹಾನ್ಸ್ ಆದವು. 1956ರಲ್ಲೇ ಅಲ್ಲಿ ದಾದಿಯರಿಗಾಗಿ ಒಂದು ವರ್ಷದ ಮನೋರೋಗ ಶುಶ್ರೂಷಾ ಶಿಕ್ಷಣ ಆರಂಭವಾಗಿತ್ತು. ಬೀಗದ ಕೈ ಹಿಡಿದವನ ಜಾಗಕ್ಕೆ ಮಾತು ಕಲಿತವಳು ಬರತೊಡಗಿದಳು. ಅತ್ತ ಅಮೃತಸರದಲ್ಲಿ ಡಾ. ವಿದ್ಯಾಸಾಗರ್ ಅವರು ಐವತ್ತರ ದಶಕದಲ್ಲೇ ಆಸ್ಪತ್ರೆಯ ಅಂಗಳದಲ್ಲಿ ಡೇರೆ ಹಾಕಿಸಿ, ರೋಗಿಯ ಜೊತೆಗೆ ಮನೆಯವರನ್ನೂ ಇರಿಸಿಕೊಂಡರು. ರೋಗಿಯನ್ನು ಬಿಟ್ಟುಹೋಗುವ ಜಾಗವಾಗಿದ್ದ ಆಸ್ಪತ್ರೆ, ಮನೆಯವರೂ ಕಲಿಯುವ ಜಾಗವಾಯಿತು.

ಏನು ಈ ಕಲಿಯುವ ಮಾತು? ಅದರ ನಿಯಮಗಳು ಕೇಳಲು ಸರಳ, ಆಚರಿಸಲು ಕಠಿಣ. ರೋಗಿಯ ನೆತ್ತಿಯ ಮೇಲೆ ನಿಂತು ಮಾತಾಡದೆ ಅವನ ಮಟ್ಟಕ್ಕೆ ಕೂತು ಮಾತಾಡಬೇಕು. 'ಯಾಕ ಹಿಂಗ ಮಾಡ್ತಿ?' ಎಂದು ಕೇಳಿದರೆ ಅವನು ಕಟಕಟೆಯಲ್ಲಿ ನಿಂತಂತಾಗುತ್ತದೆ; 'ಆಗ ಏನಾತಪಾ?' ಎಂದರೆ ಜಗಲಿಯ ಮೇಲೆ ಕೂತಂತಾಗುತ್ತದೆ. ನೆರೆಯವರು ಅನ್ನಕ್ಕೆ ವಿಷ ಹಾಕಿದ್ದಾರೆ ಎಂದು ಅವನು ನಂಬಿದ್ದರೆ ವಾದಿಸಬಾರದು, ಹೌದೆಂದು ತಲೆಯನ್ನೂ ಆಡಿಸಬಾರದು. 'ನಿನಗ ಭಾಳ ಅಂಜಿಕಿ ಆಗೇತಿ' ಎಂದು ಅವನ ಭಯವನ್ನು ಗುರುತಿಸಬೇಕು; ನಂಬಿಕೆ ಸುಳ್ಳಾದರೂ ಭಯ ನಿಜವಾದದ್ದು. 'ಏನೂ ಆಗೂದಿಲ್ಲ ಬಿಡು' ಎಂಬ ಅಗ್ಗದ ಸಮಾಧಾನ ಬಾಗಿಲು ಮುಚ್ಚಿದ ಹಾಗೆ. ಸಾಯುವ ವಿಚಾರ ಬರುತ್ತದೆಯೇ ಎಂದು ಮೆಲ್ಲಗೆ, ನೇರವಾಗಿ ಕೇಳಬಹುದು. ಕೇಳಿದ ಮಾತ್ರಕ್ಕೆ ಆ ವಿಚಾರ ಹುಟ್ಟುವುದಿಲ್ಲ, ಎಷ್ಟೋ ಸಲ ಎದೆಯ ಭಾರ ಇಳಿಯುತ್ತದೆ. ಅವನು ಸುಮ್ಮನಿದ್ದರೆ ತಾನೂ ಸುಮ್ಮನೆ ಜೊತೆಗೆ ಕೂತಿರಬೇಕು.

ಖಾನಾಪುರದಂಥ ಗಡಿಸೀಮೆಯಲ್ಲಿ ಇದಕ್ಕೆ ಇನ್ನೊಂದು ತೊಡಕಿದೆ. ಅಲ್ಲಿ ಕನ್ನಡ, ಮರಾಠಿ, ಕೊಂಕಣಿಗಳು ಒಂದೇ ಸಂತೆಯಲ್ಲಿ ಕಲೆಯುತ್ತವೆ. ದುಃಖಕ್ಕೆ ಗ್ರಂಥದಲ್ಲಿರುವ ಹೆಸರೇ ಬೇರೆ, ರೈತನ ಬಾಯಲ್ಲಿರುವುದೇ ಬೇರೆ. 'ಖಿನ್ನತೆ' ಎಂದು ಬಂದು ಹೇಳುವವರು ಕಡಿಮೆ. 'ಎದಿ ಝಲ್ ಅಂತೈತಿ', 'ಜೀವಕ್ಕ ಸಮಾಧಾನ ಇಲ್ಲ', 'ಕೈಕಾಲು ಸೆಳೀತಾವ' ಎನ್ನುತ್ತಾರೆ. ಈ ಮಾತುಗಳನ್ನು ಬರಿಯ ಮೈನೋವೆಂದು ಬರೆದುಕೊಂಡರೆ ಬೇನೆ ಕೈತಪ್ಪಿತು. ಮಾತಿನ ಹಿಂದಿನ ಮಾತನ್ನು ಹಿಡಿಯುವ ದಾದಿಯ ಕಿವಿ ಅಲ್ಲಿ ಉಪಕರಣಕ್ಕಿಂತ ಮಿಗಿಲು.

1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿತು. ಪ್ರಾಥಮಿಕ ಆರೋಗ್ಯ ಕೇಂದ್ರದವರಿಗೇ ತರಬೇತಿ ಕೊಟ್ಟು ಚಿಕಿತ್ಸೆಯನ್ನು ಹಳ್ಳಿಗೆ ಒಯ್ಯಬಹುದೆಂಬುದನ್ನು ನಮ್ಮ ಬಳ್ಳಾರಿ ಜಿಲ್ಲೆ ತೋರಿಸಿಕೊಟ್ಟಿತು. 1996ರ ಜಿಲ್ಲಾ ಕಾರ್ಯಕ್ರಮಕ್ಕೆ ಅದೇ ಮಾದರಿ. ಆದರೂ 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ, ಸರಪಳಿಯಲ್ಲಿ ಕಟ್ಟಿಹಾಕಿದ್ದ ರೋಗಿಗಳು ಬೆಂಕಿಯಿಂದ ಓಡಲಾರದೆ ಸತ್ತರು. ಸತ್ತವರು 28 ಮಂದಿ. 2017ರ ಕಾಯ್ದೆ ರೋಗಿಯನ್ನು ಯಾವ ರೀತಿಯಲ್ಲೂ ಸರಪಳಿಯಿಂದ ಬಂಧಿಸಕೂಡದೆಂದು ಸ್ಪಷ್ಟವಾಗಿ ನಿಷೇಧಿಸಿದೆ.

ಕಬ್ಬಿಣದ ಸರಪಳಿಯನ್ನು ಕಾಯ್ದೆ ಕಳಚಬಲ್ಲದು. 'ಹುಚ್ಚ' ಎಂಬ ಒಂದು ಮಾತಿನ ಸರಪಳಿಯನ್ನು ಕಳಚಬೇಕಾದವರು ನಾವು. ಧಾರವಾಡದ ಆ ಹಳೆಯ ಅಸೈಲಮ್ ಇಂದು ಡಿಮ್ಹಾನ್ಸ್ ಎಂಬ ಬೋಧನಾಸಂಸ್ಥೆ. ಅಲ್ಲಿ ದಾದಿ 'ಬಾರಪಾ, ಕೂಡು' ಎಂದು ಕರೆದು ಗುಣಪಡಿಸಿ ಕಳಿಸಿದ ಮಗನನ್ನು ಊರಿನ ಅಗಸಿಯಲ್ಲಿ ನಾವು ಯಾವ ದನಿಯಲ್ಲಿ ಎದುರುಗೊಳ್ಳುತ್ತೇವೆ? ಅರ್ಧ ಚಿಕಿತ್ಸೆ ಅಲ್ಲಿ ಉಳಿದಿರುತ್ತದೆ.