ಪಕ್ಕದೂರಿನ ಪ್ರಾಧ್ಯಾಪಕರೂ ಉಪ್ಪು-ಸಕ್ಕರೆ ನೀರೂ

ಬೇಸಗೆ ರಜೆಗೆ ಮಕ್ಕಳೊಡನೆ ಊರಿಗೆ ಹೊರಡುವ ನಮ್ಮ ಸಂಸಾರಗಳ ಪೆಟ್ಟಿಗೆಗಳಲ್ಲಿ ಓ.ಆರ್.ಎಸ್. ಪೊಟ್ಟಣ ಇರುವುದುಂಟು. ಭೇದಿಯಾದ ಮಗುವಿಗೆ ಕುಡಿಸುವ ಈ ಪುಡಿಯ ಚರಿತ್ರೆಯ ಒಂದು ಎಳೆ ನಮ್ಮ ಮೆಟುಚೆನ್ನಿಗೆ ಹತ್ತಿರದ ಪಿಸ್ಕ್ಯಾಟವೇಯವರೆಗೂ ಬರುತ್ತದೆಂಬುದು ನಮ್ಮಲ್ಲಿ ಬಹಳ ಮಂದಿಗೆ ತಿಳಿದಿರಲಾರದು.

ಮೊದಲು ಕರುಳಿನ ಲೆಕ್ಕ ನೋಡೋಣ. ನಾವು ದಿನಕ್ಕೆ ತಿಂದು ಕುಡಿಯುವುದರಲ್ಲಿ ಸುಮಾರು 2 ಲೀಟರು ನೀರಿರುತ್ತದೆ. ಜೊಲ್ಲು, ಜಠರರಸ, ಪಿತ್ತರಸ ಮುಂತಾಗಿ ದೇಹವೇ ಸುರಿಸುವುದು ಇನ್ನೂ 7 ಲೀಟರು. ಈ 9 ಲೀಟರಿನಲ್ಲಿ ಬಹುಪಾಲನ್ನು, ಇಪ್ಪತ್ತು ಅಡಿಯಷ್ಟು ಉದ್ದದ ಸಣ್ಣ ಕರುಳು ಆಹಾರದ ಸಾರದೊಡನೆ ಹೀರಿಕೊಳ್ಳುತ್ತದೆ. ಉಳಿದ ಒಂದೂವರೆ ಲೀಟರಿನಷ್ಟನ್ನು ಐದಡಿಯ ದೊಡ್ಡ ಕರುಳು ಹಿಂಡಿಕೊಂಡು, ಕೊನೆಗೆ ಹೊರಗೆ ಬಿಡುವ ನೀರು 100-200 ಮಿಲಿಲೀಟರು ಮಾತ್ರ. ಇಂಥ ಜಿಪುಣ ಗೃಹಿಣಿ ಇನ್ನೊಬ್ಬಳಿಲ್ಲ!

ಆದರೆ ಸಣ್ಣ ಕರುಳು ಸಕ್ಕರೆಯನ್ನು ಒಳಕ್ಕೆ ಎಳೆದುಕೊಳ್ಳುವುದು ಹೇಗೆ? ಒಳಗೆ ಈಗಾಗಲೇ ಸಕ್ಕರೆ ಹೆಚ್ಚಿದ್ದರೂ ಹೊರಗಿನದನ್ನು ಅದು ಬಿಡುವುದಿಲ್ಲವಲ್ಲ! ನ್ಯೂ ಜೆರ್ಸಿಯ ಪಲ್ಮೈರಾದಲ್ಲಿ 1919ರಲ್ಲಿ ಹುಟ್ಟಿದ ರಾಬರ್ಟ್ ಕ್ರೇನ್ ಇದಕ್ಕೆ ಉತ್ತರವನ್ನು 1960ರ ಆಗಸ್ಟ್‌ನಲ್ಲಿ ಪ್ರಾಗ್ ನಗರದ ವಿಚಾರಗೋಷ್ಠಿಯಲ್ಲಿ ಮಂಡಿಸಿದರು. ಕರುಳಿನ ಗೋಡೆಯಲ್ಲಿ ಒಂದು ಬಾಗಿಲಿದೆ; ಗ್ಲೂಕೋಸೂ ಉಪ್ಪಿನ ಸೋಡಿಯಮ್ಮೂ ಜೊತೆಗೂಡಿ ಬಂದರೆ ಆ ಬಾಗಿಲು ಎರಡನ್ನೂ ಒಳಗೆ ಬಿಡುತ್ತದೆ. ಅವುಗಳ ಬೆನ್ನಿಗೆ ನೀರು. 1966ರಿಂದ 1986ರವರೆಗೆ ಅವರು ಪಿಸ್ಕ್ಯಾಟವೇಯ ರಟ್ಗರ್ಸ್ ಮೆಡಿಕಲ್ ಸ್ಕೂಲಿನಲ್ಲಿ ಪ್ರಾಧ್ಯಾಪಕರಾಗಿದ್ದರು. ನಮ್ಮವರು ಅನೇಕರು ಬಂದು ಈ ಸುತ್ತಿನಲ್ಲಿ ನೆಲಸಿದ ಕಾಲವೂ ಅದೇ.

ಕ್ರೇನ್ ಹುಡುಕುತ್ತಿದ್ದುದು ಕಾಲರಾಕ್ಕೆ ಮದ್ದನ್ನಲ್ಲ. ಆದರೆ ಕಾಲರಾದ ವಿಷ ಕರುಳಿನಿಂದ ನೀರನ್ನು ಕೊಡಗಟ್ಟಲೆ ಹೊರಕ್ಕೆ ಸುರಿಸಿದರೂ ಈ ಬಾಗಿಲನ್ನು ಮಾತ್ರ ಕೆಡಿಸುವುದಿಲ್ಲ. ಕಲ್ಕತ್ತೆಯ ಹೇಮೇಂದ್ರನಾಥ ಚಟರ್ಜಿಯವರು ಕಾಲರಾ ರೋಗಿಗಳಿಗೆ ಉಪ್ಪು-ಗ್ಲೂಕೋಸ್ ನೀರು ಕುಡಿಸಿದ್ದನ್ನು 1953ರಲ್ಲೇ ಬರೆದಿದ್ದರು; ಅದು ಏಕೆ ಫಲಿಸುತ್ತದೆಂಬ ಕಾರಣ ಆಗ ಯಾರಿಗೂ ಗೊತ್ತಿರಲಿಲ್ಲ, ಯಾರೂ ಅಷ್ಟಾಗಿ ಕಿವಿಗೊಡಲೂ ಇಲ್ಲ. 1968ರಲ್ಲಿ ಢಾಕಾದಲ್ಲಿ ಪರೀಕ್ಷೆಗಳು ನಡೆದವು. 1971ರಲ್ಲಿ ಪೂರ್ವ ಬಂಗಾಳದ ನಿರಾಶ್ರಿತರು ಬನಗಾಂವ್‌ಗೆ ಬಂದು ತುಂಬಿಕೊಂಡಾಗ ರಕ್ತನಾಳಕ್ಕೆ ಕೊಡುವ ಸಲೈನ್ ಮುಗಿದುಹೋಯಿತು. ಡಾ. ದಿಲೀಪ್ ಮಹಲನಬಿಸ್ ಪೊಟ್ಟಣ ಕಟ್ಟಿಸಿ, ನೀರಿನಲ್ಲಿ ಕದಡಿಸಿ, ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ಅದುವರೆಗೆ ನೂರಕ್ಕೆ ಮೂವತ್ತರ ಸುಮಾರಿಗಿದ್ದ ಸಾವು ನೂರಕ್ಕೆ ನಾಲ್ಕರ ಒಳಕ್ಕಿಳಿಯಿತು. ಅಷ್ಟೊಂದು ತಾಯಂದಿರ ಮಡಿಲು ಬರಿದಾಗದಂತೆ ನೋಡಿಕೊಂಡದ್ದು ಉಪ್ಪು, ಸಕ್ಕರೆ, ನೀರು.

ಈಗ ನಮ್ಮ ಮನೆಗಳ ವಿಚಾರ. ಭೇದಿಯಾದರೆ "ಹೊಟ್ಟೆಗೆ ಏನೂ ಹಾಕಬೇಡ" ಎಂದು ಮಗುವನ್ನು ಲಂಘನ ಕೆಡಹುವ ಪದ್ಧತಿ ನಮ್ಮ ಹಿರಿಯರಲ್ಲಿತ್ತು. ಹಿರಿಯರ ಮಾತಿಗೆ ನಮಗೆ ಗೌರವವಿದೆ, ಇದೊಂದನ್ನು ಮಾತ್ರ ಬಿಡಬೇಕು. ನೀರು ನಿಲ್ಲಿಸಿದರೆ ಎಳೆಗೂಸು ಗಂಟೆಗಳಲ್ಲಿ ಬಾಡಿಹೋಗುತ್ತದೆ. ಅದೇ ಹಿರಿಯರ ಉಪ್ಪು ಹಾಕಿದ ಗಂಜಿಯ ತಿಳಿಯಾದರೋ ಸರಿಯಾದದ್ದೇ: ಅಕ್ಕಿಯ ಪಿಷ್ಟ ಕರುಳಿನಲ್ಲಿ ಗ್ಲೂಕೋಸಾಗಿ ಒಡೆದು ಅದೇ ಬಾಗಿಲಿಗೆ ಬರುತ್ತದೆ. ಇಲ್ಲಿನ ಮಕ್ಕಳು ಕೇಳುವ ಕೋಲಾ ಬೇಡ. ಅದರಲ್ಲಿ ಸಕ್ಕರೆ ಅತಿ, ಉಪ್ಪು ಇಲ್ಲವೆನ್ನುವಷ್ಟು ಕಡಿಮೆ. ಅತಿ ಸಕ್ಕರೆ ನೀರನ್ನು ಕರುಳಿನೊಳಕ್ಕೇ ಎಳೆದು ಭೇದಿಯನ್ನು ಹೆಚ್ಚಿಸುತ್ತದೆ.

ಪೊಟ್ಟಣವಿದ್ದರೆ ಅದೇ ಮೇಲು. ಇಲ್ಲದಿದ್ದರೆ ಕುದಿಸಿ ಆರಿಸಿದ ಒಂದು ಲೀಟರು ನೀರಿಗೆ ಸಮಮಟ್ಟದ 6 ಟೀಚಮಚ ಸಕ್ಕರೆ, ಅರ್ಧ ಟೀಚಮಚ ಉಪ್ಪು. ಉಪ್ಪನ್ನು ಕಣ್ಣಂದಾಜಿಗೆ ಹಾಕಬೇಡಿ, ಹೆಚ್ಚಾದರೆ ಅಪಾಯ. ಮಗು ವಾಂತಿ ಮಾಡಿಕೊಂಡರೆ ಹತ್ತು ನಿಮಿಷ ತಡೆದು ಮತ್ತೆ ಚಮಚ ಚಮಚವಾಗಿ ಕುಡಿಸಿ. ಮಂಪರು ಕವಿದರೆ, ಮೂತ್ರ ನಿಂತರೆ, ಭೇದಿಯಲ್ಲಿ ರಕ್ತ ಕಂಡರೆ ಕೂಡಲೇ ಡಾಕ್ಟರ ಬಳಿಗೆ ಕರೆದೊಯ್ಯಿರಿ.