ಕಾಡುಕೋಳಿ ಎಲ್ಲಿದೆ ಎಂದು ತಿಳಿಯುವುದು ಹೇಗೆ? ಹುಡುಕುವ ಮೊದಲು ಗೊತ್ತಿರಬೇಕಾದ ಸಂಗತಿಗಳು

ಮಾರ್ಚ್ ತಿಂಗಳ ಬೆಳಗಿನ ಜಾವ. ಮೂಡಿಗೆರೆ ಅಥವಾ ಕಳಸದ ಕಡೆಯ ಯಾವುದಾದರೂ ಕಾಫಿ ತೋಟ. ಕೊಯ್ಲು ಮುಗಿದಿದೆ, ತೋಟದಲ್ಲಿ ಆಳುಗಳ ಸದ್ದಿಲ್ಲ. ಬೆಳಕು ಹರಿಯುವ ಮೊದಲೇ ಹಳ್ಳದ ಆಚೆಯಿಂದ ಒರಟಾದ ಕೂಗೊಂದು ಕೇಳುತ್ತದೆ. ಮನೆಯ ಹುಂಜದ ಕೂಗಿನಂತೆಯೇ ಶುರುವಾದರೂ ಅದರಂತೆ ಉದ್ದಕ್ಕೆ ಎಳೆಯುವುದಿಲ್ಲ, ಫಕ್ಕನೆ ತುಂಡಾಗುತ್ತದೆ. ಮಲೆನಾಡಿನವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಅದು ಕಾಡುಕೋಳಿ.

ಅಮೆರಿಕದಲ್ಲಿ ವಸಂತಕಾಲದ ಟರ್ಕಿ ಕೋಳಿ ಬೇಟೆಗೆ ಮುನ್ನ ಬೇಟೆಗಾರರು ವಾರಗಟ್ಟಲೆ ಕಾಡು ಸುತ್ತಿ ಹಕ್ಕಿಯ ಜಾಡು ಹಿಡಿಯುತ್ತಾರೆ. ಆ ವಿಡಿಯೋಗಳನ್ನು ನೋಡಿ ‘ನಮ್ಮ ಕಾಡುಕೋಳಿಯನ್ನೂ ಹೀಗೆ ಹುಡುಕಬಹುದಲ್ಲವೇ’ ಎಂದು ಕೇಳುವವರಿದ್ದಾರೆ. ಹುಡುಕಬಹುದು. ಆದರೆ ಕಾಡುಕೋಳಿ ಸುಲಭವಾಗಿ ಪತ್ತೆಯಾಗುವ ಕಾಲವೇ ಅದು ಮೊಟ್ಟೆಯಿಟ್ಟು ಮರಿ ಮಾಡುವ ಕಾಲ. ಆದ್ದರಿಂದ ಹುಡುಕುವ ಕೆಲಸವನ್ನು ಆದಷ್ಟು ಕಿವಿಯಿಂದ, ದೂರದಿಂದಲೇ ಮಾಡಬೇಕು. ಅದು ಹೇಗೆ, ಏಕೆ ಎಂದು ನೋಡೋಣ.

ನಮ್ಮದು ಯಾವ ಕಾಡುಕೋಳಿ?

ಕುದುರೆಮುಖದ ಸುತ್ತಮುತ್ತ ಇರುವುದು ಬೂದು ಕಾಡುಕೋಳಿ. ವೈಜ್ಞಾನಿಕ ಹೆಸರು ಗ್ಯಾಲಸ್ ಸೊನ್ನೆರಾಟಿ. ಫ್ರೆಂಚ್ ಪರಿಶೋಧಕ ಪಿಯರ್ ಸೊನ್ನೆರಾ ಅವರ ನೆನಪಿಗೆ ಈ ಹೆಸರು. ಭಾರತ ಬಿಟ್ಟರೆ ಬೇರೆ ಯಾವ ದೇಶದಲ್ಲೂ ಇದು ಸಹಜವಾಗಿ ನೆಲೆಸಿಲ್ಲ. ಕೆಂಪು ಕಾಡುಕೋಳಿ ಎಂಬ ಇನ್ನೊಂದು ಪ್ರಭೇದವಿದೆ. ಅದು ಉತ್ತರ, ಈಶಾನ್ಯ ಮತ್ತು ಪೂರ್ವ ಭಾರತದ್ದು, ಪಶ್ಚಿಮ ಘಟ್ಟದ್ದಲ್ಲ. ನಿಮ್ಮ ತೋಟದಲ್ಲಿ ಕೆಂಪು ಬಣ್ಣದ ಹುಂಜ ಓಡಾಡುತ್ತಿದ್ದರೆ ಅದು ಬಹುಶಃ ಯಾರದೋ ಮನೆಯ ಕೋಳಿ.

ಬೂದು ಕಾಡುಕೋಳಿಯ ಹುಂಜಕ್ಕೆ ಬೂದು ಮೈ, ಹೊಳೆಯುವ ಕಪ್ಪು ಬಾಲ, ಕೆಂಪು ಜುಟ್ಟು. ಕತ್ತಿನ ಗರಿಗಳ ಮೇಲೆ ಮೇಣದ ಹನಿ ಬಿದ್ದಂಥ ಹಳದಿ ಚುಕ್ಕಿಗಳಿರುತ್ತವೆ. ಹೇಟೆ ಕಂದು ಬಣ್ಣದ್ದು. ಎದೆಯ ಬಿಳಿ ಗರಿಗಳಿಗೆ ಕಪ್ಪು ಅಂಚು. ಒಣಗಿದ ಎಲೆಗಳ ನಡುವೆ ಅದು ಅಲ್ಲಾಡದೆ ಕುಳಿತರೆ ಎರಡು ಮಾರು ದೂರದಿಂದಲೂ ಕಾಣುವುದಿಲ್ಲ.

‘ಕಾಡುಕೋಳಿ ಎಂದರೆ ಊರಿನಿಂದ ತಪ್ಪಿಸಿಕೊಂಡು ಹೋದ ಕೋಳಿ’ ಎಂಬ ಮಾತು ತಪ್ಪು. ಸಾಕುಕೋಳಿಯ ಮುಖ್ಯ ಮೂಲ ಕೆಂಪು ಕಾಡುಕೋಳಿ. ಆದರೆ ಅನೇಕ ತಳಿಗಳ ಸಾಕುಕೋಳಿಗಳ ಚರ್ಮ ಮತ್ತು ಕಾಲು ಹಳದಿಯಾಗಿರಲು ಕಾರಣವಾದ ಜೀನ್ ಬಂದಿರುವುದು ಬೂದು ಕಾಡುಕೋಳಿಯಿಂದ ಎಂದು 2008ರಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿತು. ಅಂದರೆ ನಮ್ಮ ಕಾಡಿನ ಹಕ್ಕಿಯ ಒಂದಂಶ ಜಗತ್ತಿನ ಕೋಳಿ ಫಾರಂಗಳಲ್ಲಿದೆ.

ಜನವರಿ, ಫೆಬ್ರವರಿ: ಗುರುತು ಹುಡುಕುವ ಕಾಲ

ಕಾಡುಕೋಳಿ ಮೊಟ್ಟೆಯಿಡುವುದು ಹೆಚ್ಚಾಗಿ ಫೆಬ್ರವರಿಯಿಂದ ಮೇ ನಡುವೆ. ಅದಕ್ಕಿಂತ ಮೊದಲು ತೋಟದ ದಾರಿಯಲ್ಲಿ ನಡೆಯುತ್ತಲೇ ಈ ಗುರುತುಗಳನ್ನು ಗಮನಿಸಬಹುದು.

ಕೆದರಿದ ತರಗೆಲೆ: ಕಾಡುಕೋಳಿ ಕಾಲಿನಿಂದ ಎಲೆಗಳನ್ನು ಹಿಂದಕ್ಕೆ ಚಿಮ್ಮಿ ಕಾಳು, ಗೆದ್ದಲು, ಹುಳು ಹೆಕ್ಕುತ್ತದೆ. ಎಲೆ ಸರಿದಿರುತ್ತದೆ, ಮಣ್ಣು ಮೇಲುಮೇಲೆ ಮಾತ್ರ ಕೆದರಿರುತ್ತದೆ. ಮಣ್ಣು ಆಳವಾಗಿ ಉತ್ತಂತೆ ಎದ್ದಿದ್ದರೆ ಅದು ಹಂದಿಯ ಕೆಲಸ.

ದೂಳು ಸ್ನಾನದ ಗುಳಿ: ಬಿಸಿಲು ಬೀಳುವ ಒಣಮಣ್ಣಿನಲ್ಲಿ, ದಾರಿಯ ಅಂಚಿನಲ್ಲಿ ತಟ್ಟೆಯಗಲದ ಗುಳಿಗಳಿರುತ್ತವೆ. ಗರಿಯಲ್ಲಿನ ಹೇನಿನಂಥ ಜೀವಿಗಳನ್ನು ಕಳೆದುಕೊಳ್ಳಲು ಕೋಳಿ ಇಲ್ಲಿ ಹೊರಳುತ್ತದೆ. ಒಂದೆರಡು ಗರಿ ಅಲ್ಲೇ ಬಿದ್ದಿರುವುದೂ ಉಂಟು.

ಹೆಜ್ಜೆ: ಮೂರು ಬೆರಳು ಮುಂದೆ, ಒಂದು ಹಿಂದೆ. ನಾಟಿಕೋಳಿಯ ಹೆಜ್ಜೆಯೂ ಹೀಗೆಯೇ ಇರುವುದರಿಂದ ಮನೆಗಳ ಹತ್ತಿರ ಈ ಗುರುತನ್ನು ನಂಬುವಂತಿಲ್ಲ.

ಆಹಾರವಿರುವ ಜಾಗ: ಲಂಟಾನ ಪೊದೆ, ಹಣ್ಣುದುರುವ ಆಲ, ಅತ್ತಿಯ ಬುಡ, ಹಳ್ಳದ ಬದಿಯ ಬಿದಿರು ಮೆಳೆ. ಬಿದಿರು ಹೂಬಿಟ್ಟು ಅಕ್ಕಿ ಉದುರಿಸಿದ ವರ್ಷ ಕಾಡುಕೋಳಿಗಳು ಅಲ್ಲಿ ಗುಂಪುಗೂಡುತ್ತವೆ.

ಇಲ್ಲಿ ಚಿಟ್ಟುಕೋಳಿಯನ್ನು ಕಂಡು ಮೋಸಹೋಗುವವರು ಬಹಳ. ಅದು ಚಿಕ್ಕದು, ಕೆಂಗಂದು ಬಣ್ಣದ್ದು. ಕಣ್ಣಿನ ಸುತ್ತ ಕೆಂಪು ಚರ್ಮವಿದ್ದರೂ ತಲೆಯ ಮೇಲೆ ಹುಂಜದ ಜುಟ್ಟು ಇರುವುದಿಲ್ಲ. ಸಾಮಾನ್ಯವಾಗಿ ಜೋಡಿಯಾಗಿ ಪೊದೆಯಿಂದ ಪೊದೆಗೆ ಓಡುತ್ತದೆ.

ಮಾರ್ಚ್‌ನಿಂದ ಮೇ: ಕೇಳಿಸಿಕೊಳ್ಳುವ ಕಾಲ

ಕಾಡುಕೋಳಿ ರಾತ್ರಿ ಮರದ ಮೇಲೆ ಅಥವಾ ಬಿದಿರಿನ ಮೇಲೆ ತಂಗುತ್ತದೆ. ಬೆಳಗಿನ ಜಾವ ಕೆಳಗಿಳಿಯುವ ಮೊದಲೇ ಹುಂಜ ಕೂಗುತ್ತದೆ. ‘ಕುಕ್-ಕಾಯಾ-ಕಾಯಾ-ಕುಕ್’ ಎನ್ನುವಂಥ ಕೂಗು. ಹತ್ತಿರವಿದ್ದರೆ ಕೊನೆಯಲ್ಲಿ ‘ಕ್ಯುಕುನ್’ ಎಂಬ ಮೆಲುದನಿಯೂ ಕೇಳಬಹುದು. ಹೇಟೆ ಹೀಗೆ ಕೂಗುವುದಿಲ್ಲ.

‘ಕೂಗು ಹೆಚ್ಚು ಕೇಳಿದರೆ ಕೋಳಿಯೂ ಹೆಚ್ಚು’ ಎಂಬುದು ಸಾಮಾನ್ಯ ನಂಬಿಕೆ. ಇದು ನಿಜವಲ್ಲ. ಒಂದೇ ಹುಂಜ ಒಂದೇ ಬೆಳಗ್ಗೆ ಹತ್ತಾರು ಸಲ ಕೂಗಬಲ್ಲದು, ನಡುವೆ ಜಾಗವನ್ನೂ ಬದಲಿಸಬಲ್ಲದು. ಆದ್ದರಿಂದ ಹೀಗೆ ಮಾಡಿ:

ಒಂದೇ ಜಾಗದಲ್ಲಿ, ಸೂರ್ಯೋದಯಕ್ಕೆ ಸ್ವಲ್ಪ ಮೊದಲು ಶುರುಮಾಡಿ, ಹದಿನೈದು ನಿಮಿಷ ಸುಮ್ಮನೆ ನಿಲ್ಲಿ. ಗಡಿಯಾರದ ಮುಖವನ್ನು ನೆನೆದು, ನಿಮ್ಮೆದುರಿಗೆ 12 ಗಂಟೆ ಎಂದಿಟ್ಟುಕೊಂಡು, ಪ್ರತಿ ಕೂಗಿನ ದಿಕ್ಕನ್ನು ಬರೆದುಕೊಳ್ಳಿ.

ಇಬ್ಬರಿದ್ದರೆ ಇನ್ನೂ ಒಳ್ಳೆಯದು. ಇನ್ನೂರು, ಮುನ್ನೂರು ಮೀಟರ್ ಅಂತರದಲ್ಲಿ ನಿಂತು ಇಬ್ಬರೂ ಸಮಯ, ದಿಕ್ಕು ಬರೆದುಕೊಂಡರೆ, ನಕ್ಷೆಯ ಮೇಲೆ ಎರಡು ಗೆರೆಗಳು ಸೇರುವಲ್ಲಿ ಕೋಳಿಯಿದೆ. ಅಲ್ಲಿಗೆ ಹೋಗಬೇಕಾಗಿಯೇ ಇಲ್ಲ.

ಒಂದಾದ ತಕ್ಷಣ ಇನ್ನೊಂದು ಬೇರೆ ದಿಕ್ಕಿನಿಂದ ಕೂಗಿದರೆ ಮಾತ್ರ ಎರಡು ಹುಂಜ ಎಂದು ಎಣಿಸಿ. ಕನಿಷ್ಠ ಮೂರು ಬೆಳಗ್ಗೆ ಇದೇ ಕ್ರಮ ಅನುಸರಿಸಿ. ಗಾಳಿ, ಮಳೆಯ ದಿನದ ಲೆಕ್ಕ ಬೇಡ.

ಹೀಗೆ ಸಿಗುವುದು ಕೂಗುವ ಹುಂಜಗಳ ಲೆಕ್ಕ. ಹೇಟೆ, ಮರಿಗಳ ಲೆಕ್ಕವಲ್ಲ. ಹಾಗೆಯೇ ಮಳೆಗಾಲದಲ್ಲಿ ಕೂಗು ನಿಂತಿತೆಂದು ‘ಕೋಳಿಗಳೆಲ್ಲ ಹೋದವು’ ಎನ್ನುವಂತಿಲ್ಲ. ಮರಿ ಮಾಡುವ ಕಾಲ ಮುಗಿದ ಮೇಲೆ ಹುಂಜ ಕತ್ತಿನ ಚುಕ್ಕಿಗರಿಗಳನ್ನು ಉದುರಿಸಿ ಮಂಕಾಗುತ್ತದೆ, ಕೂಗುವುದೂ ಕಡಿಮೆ. ಹೋಲಿಸುವುದಾದರೆ ಈ ಮಾರ್ಚ್ ಅನ್ನು ಮುಂದಿನ ಮಾರ್ಚ್ ಜೊತೆ ಹೋಲಿಸಬೇಕು.

ಹತ್ತಿರ ಹೋದರೆ ಏನಾಗುತ್ತದೆ?

ಹೇಟೆ ನೆಲದ ಮೇಲೆ, ಪೊದೆಯ ಅಥವಾ ಬಿದಿರಿನ ಬುಡದಲ್ಲಿ, ಸಣ್ಣ ಗುಳಿಗೆ ಒಣಎಲೆ ಹಾಸಿ ಸಾಮಾನ್ಯವಾಗಿ ನಾಲ್ಕರಿಂದ ಏಳು ಮೊಟ್ಟೆಯಿಡುತ್ತದೆ. ಸುಮಾರು ಮೂರು ವಾರ ಕಾವು ಕೊಡಬೇಕು. ನಾವು ಪೊದೆ ಸರಿಸಿದರೆ ಅದು ಎದ್ದು ಹಾರುತ್ತದೆ. ಮುಂಗುಸಿ, ಕಾಗೆ, ನಾಯಿಗೆ ಆಗ ಗೂಡು ಬಯಲಾಗುತ್ತದೆ. ಮೊಬೈಲಿನಲ್ಲಿ ಕೋಳಿಯ ಕೂಗು ಹಾಕಿ ಹುಂಜವನ್ನು ಕರೆಯುವುದೂ ಬೇಡ. ಎದುರಾಳಿ ಬಂದನೆಂದು ಅದು ಮೇಯುವುದನ್ನು ಬಿಟ್ಟು ಬಯಲಿಗೆ ಬರುತ್ತದೆ.

ಅಮೆರಿಕದ ವಸಂತದ ಟರ್ಕಿ ಬೇಟೆಯ ನಿಯಮಗಳಲ್ಲೂ ಈ ಎಚ್ಚರ ಕಾಣುತ್ತದೆ. ಅಲ್ಲಿ ಪರವಾನಗಿ, ನಿಗದಿತ ದಿನಗಳು, ಒಬ್ಬರಿಗೆ ಇಷ್ಟೇ ಎಂಬ ಮಿತಿ ಇರುತ್ತವೆ. ಹೇಟೆಗಳು ಮೊಟ್ಟೆಯ ಮೇಲಿರುವ ಕಾಲವಾದ್ದರಿಂದ ಸಾಮಾನ್ಯವಾಗಿ ಹುಂಜಗಳನ್ನು ಮಾತ್ರ ಹೊಡೆಯಲು ಅನುಮತಿ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಬಹುತೇಕ ನಾಶವಾಗಿದ್ದ ಆ ಹಕ್ಕಿಯನ್ನು ದಶಕಗಳ ಕಾಲ ಬೇರೆಡೆಯಿಂದ ತಂದು ಬಿಟ್ಟು ಉಳಿಸಿಕೊಂಡ ಮೇಲಿನ ವ್ಯವಸ್ಥೆ ಅದು.

‘ನನ್ನ ತೋಟ, ನನ್ನ ಬಂದೂಕು’ ಎನ್ನಬಹುದೇ?

ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಾಗ ಪರವಾನಗಿ ಪಡೆದು ಕೆಲವು ಪ್ರಾಣಿಗಳನ್ನು ಬೇಟೆಯಾಡಲು ಅವಕಾಶವಿತ್ತು. 1991ರ ತಿದ್ದುಪಡಿ ಅದನ್ನು ತೆಗೆದುಹಾಕಿತು. ಇಂದು ನಮ್ಮಲ್ಲಿ ಕಾಡುಕೋಳಿಗೆ ಬೇಟೆಯ ಋತುವೇ ಇಲ್ಲ. ಕಾಯ್ದೆ ಅರಣ್ಯಕ್ಕೆ ಮಾತ್ರವಲ್ಲ, ಖಾಸಗಿ ತೋಟಕ್ಕೂ ಅನ್ವಯಿಸುತ್ತದೆ. ಬೆಳೆ ರಕ್ಷಣೆಗೆಂದು ಪಡೆದ ಬಂದೂಕಿನ ಪರವಾನಗಿ ಬಂದೂಕು ಇಟ್ಟುಕೊಳ್ಳಲು ಮಾತ್ರ, ಬೇಟೆಯಾಡಲು ಅಲ್ಲ.

ಕಾನೂನಿನ ಪ್ರಕಾರ ‘ಬೇಟೆ’ ಎಂದರೆ ಕೊಲ್ಲುವುದಷ್ಟೇ ಅಲ್ಲ. ಉರುಳು ಹಾಕುವುದು, ಆಮಿಷವೊಡ್ಡುವುದು, ಹಿಡಿಯಲು ಪ್ರಯತ್ನಿಸುವುದು, ಹಕ್ಕಿಯ ಮೊಟ್ಟೆಗೆ ಹಾನಿ ಮಾಡುವುದು, ಗೂಡಿಗೆ ತೊಂದರೆ ಕೊಡುವುದು ಎಲ್ಲವೂ ಸೇರುತ್ತವೆ. ಕುದುರೆಮುಖದಂಥ ರಾಷ್ಟ್ರೀಯ ಉದ್ಯಾನದೊಳಗೆ ಬೇಟೆಯಾಡಿದರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು. ಜೊತೆಗೆ ದಂಡ.

‘ಕಾಡುಕೋಳಿ ಮಾಂಸ ತಿಂದರೆ ಮೈಗೆ ವಿಶೇಷ ಬಲ’ ಎಂಬ ಮಾತಿಗೂ ವೈದ್ಯಕೀಯ ಆಧಾರವಿಲ್ಲ. ಕೋಳಿ ಮಾಂಸದ ಪ್ರೋಟೀನ್ ನಾಟಿಕೋಳಿಯಲ್ಲೂ ಸಿಗುತ್ತದೆ.

ಹೋಗುವವರಿಗೆ ಅಪಾಯವಿಲ್ಲವೇ?

ಇದೆ. ಕಾಡುಕೋಳಿ ಕೂಗುವ ತಿಂಗಳುಗಳೇ ಮಂಗನ ಕಾಯಿಲೆಯ ತಿಂಗಳುಗಳೂ ಹೌದು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ರೋಗ ಉಣುಗುಗಳ ಕಡಿತದಿಂದ ಹರಡುತ್ತದೆ. ಡಿಸೆಂಬರ್‌ನಿಂದ ಮೇವರೆಗೆ ಪ್ರಕರಣಗಳು ಹೆಚ್ಚು. ಉಣುಗು ಇರುವುದು ತರಗೆಲೆಯಲ್ಲಿ, ಅಂದರೆ ಕಾಡುಕೋಳಿ ಕೆದರುವ ಜಾಗದಲ್ಲೇ.

ತುಂಬುತೋಳಿನ ಅಂಗಿ ತೊಡಿ, ಪ್ಯಾಂಟಿನ ಅಂಚನ್ನು ಕಾಲುಚೀಲದೊಳಗೆ ಸೇರಿಸಿ. ಆರೋಗ್ಯ ಇಲಾಖೆ ಕೊಡುವ ಉಣುಗು ನಿವಾರಕ ತೈಲ ಹಚ್ಚಿಕೊಳ್ಳಿ. ನೆಲದ ಮೇಲೆ ಕೂರಬೇಡಿ. ಮಂಗ ಸತ್ತಿರುವ ಜಾಗಕ್ಕೆ ಹೋಗಬೇಡಿ, ಸುದ್ದಿಯನ್ನು ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಮನೆಗೆ ಬಂದು ಬಿಸಿನೀರು, ಸೋಪಿನಿಂದ ಸ್ನಾನ ಮಾಡಿ, ಬಟ್ಟೆ ಒಗೆಯಿರಿ. ನಂತರದ ದಿನಗಳಲ್ಲಿ ಜ್ವರ, ತೀವ್ರ ತಲೆನೋವು, ಮೈಕೈ ನೋವು ಬಂದರೆ ವೈದ್ಯರಿಗೆ ಕಾಡಿಗೆ ಹೋಗಿದ್ದನ್ನು ಹೇಳಲು ಮರೆಯಬೇಡಿ.

ಮೂಡಿಗೆರೆ ಕಡೆಯ ತೋಟಗಳಲ್ಲಿ ಆನೆಗಳ ಓಡಾಟವಿದೆ. ಕತ್ತಲಲ್ಲಿ ಒಬ್ಬರೇ ಹೊರಡಬೇಡಿ, ಹಿಂದಿನ ದಿನ ಆನೆ ಎಲ್ಲಿತ್ತು ಎಂದು ವಿಚಾರಿಸಿ. ಮನೆಯ ಅಂಗಳ, ಕಣ, ಊರಿನ ರಸ್ತೆಯಿಂದ ಕೇಳಿಸುವಷ್ಟೇ ಸಾಕು. ರಾಷ್ಟ್ರೀಯ ಉದ್ಯಾನದೊಳಗೆ ಅನುಮತಿಯಿಲ್ಲದೆ ಕಾಲಿಡುವಂತಿಲ್ಲ.

ಬರೆದುಕೊಂಡದ್ದನ್ನು ಏನು ಮಾಡಬೇಕು?

ದಿನಾಂಕ, ಸಮಯ, ಕೇಳಿದ ಹುಂಜಗಳ ಸಂಖ್ಯೆಯನ್ನು ಇ-ಬರ್ಡ್ ಜಾಲತಾಣಕ್ಕೆ ಸೇರಿಸಬಹುದು. 942 ಪ್ರಭೇದಗಳ ಸ್ಥಿತಿಯನ್ನು ಪರಿಶೀಲಿಸಿದ ‘ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್ 2023’ ವರದಿ ರೂಪುಗೊಂಡದ್ದು ಹೀಗೆ ಸಾಮಾನ್ಯ ಜನ ಕೊಟ್ಟ ಪಟ್ಟಿಗಳಿಂದಲೇ. ಆದರೆ ಗೂಡು ಇರುವ ಜಾಗವನ್ನು ವಾಟ್ಸಾಪ್ ಗುಂಪಿನಲ್ಲಿ ಹಾಕಬೇಡಿ. ಆ ಸಂದೇಶ ಉರುಳು ಹಾಕುವವರ ಕೈಗೂ ಸೇರಬಹುದು.

ತೋಟದ ಮಾಲೀಕರು ಇನ್ನೊಂದು ಕೆಲಸ ಮಾಡಬಹುದು. ಮಾರ್ಚ್‌ನಿಂದ ಮೇವರೆಗೆ ಕಳೆ ಹೊಡೆಸುವಾಗ ಹಳ್ಳದ ಅಂಚಿನ ಪೊದೆ, ಬಿದಿರಿನ ಬುಡ ಬಿಟ್ಟುಬಿಡಿ. ಯಂತ್ರ ಹಿಡಿದವರಿಗೆ ಮುಂಚೆಯೇ ಹೇಳಿ, ಕೋಳಿ ಎದ್ದ ಜಾಗ ಕಂಡರೆ ಅಲ್ಲಿಗೇ ನಿಲ್ಲಿಸಲಿ. ನಾಯಿಗಳನ್ನು ಕಟ್ಟಿಹಾಕಿ. ಬೇಲಿಯ ಸಂದಿಯಲ್ಲಿ ತಂತಿಯ ಉರುಳು ಕಂಡರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ. ಹಂದಿಗೆಂದು, ಕೋಳಿಗೆಂದು ಹಾಕಿದ ಉರುಳು ಯಾವ ಪ್ರಾಣಿ ಬಂದರೂ ಬಿಗಿಯುತ್ತದೆ. ಕಾಫಿ ತೋಟಗಳಲ್ಲಿ ಚಿರತೆಗಳು ಇಂಥ ಉರುಳಿಗೆ ಸಿಕ್ಕಿಬಿದ್ದ ಪ್ರಕರಣಗಳಿವೆ.

ಕಾಡುಕೋಳಿ ಸದ್ಯಕ್ಕೆ ಅಳಿವಿನಂಚಿನ ಹಕ್ಕಿಗಳ ಪಟ್ಟಿಯಲ್ಲಿಲ್ಲ. ಆದರೆ ನಿಮ್ಮ ತೋಟದ ಹಳ್ಳದಲ್ಲಿ ಅದು ಹೆಚ್ಚುತ್ತಿದೆಯೋ, ಕಡಿಮೆಯಾಗುತ್ತಿದೆಯೋ ಎಂಬುದು ಪ್ರತಿ ವರ್ಷ ಅದೇ ಜಾಗದಲ್ಲಿ ನಿಂತು ಬರೆದುಕೊಂಡವರಿಗೆ ಮಾತ್ರ ತಿಳಿಯುತ್ತದೆ. ಮುಂದಿನ ಮಾರ್ಚ್‌ನಲ್ಲಿ ಮೂರು ಬೆಳಗ್ಗೆ, ಹದಿನೈದು ನಿಮಿಷ ಸಾಕು.